ತ್ರಿಯಂಬಕ ಡಾಕ್ಟರ ಕತ್ತುನೋವು

ಆ ಊರಿನಲ್ಲಿ ಒಂದು ಬುಟ್ಟಿ ಮೀನು ಬೇಕೆಂದರೆ ಮೀನು ಮಾರುವವಳ ಸೊಂಟನೋವನ್ನು ಮಧ್ಯಾಹ್ನದ ತನಕ ಹೊರಬೇಕಿತ್ತು. ಸೊಪ್ಪಿಗೆ ಅಷ್ಟು ಬೇಡ. ಸೊಪ್ಪಿನವಳ ಬೆರಳಿಗೆ ಮುಳ್ಳು ತರಚಿದ ಉರಿಯನ್ನು ಮನೆ ಮುಟ್ಟುವವರೆಗೆ ಇಟ್ಟುಕೊಂಡರೆ ಸಾಕು. ಬಟ್ಟೆ ಹೊಲಿಸಿದರೆ ದರ್ಜಿಯ ತಲೆನೋವು ಒಂದು ಹಗಲು. ಹಾಲಿಗೆ ಹಾಲಿನವನ ಹಲ್ಲುನೋವು. ಅವನ ಹಲ್ಲು ಬೇರಿನ ತನಕ ಹುಳುಕಾದ ಮೇಲೆ ಹಾಲು ದುಬಾರಿಯಾಗಿ ಜನ ಕರಿ ಚಹಾ ಕುಡಿಯತೊಡಗಿದ್ದರು. ಮನೆ ಕೊಳ್ಳುವುದಾದರೆ ಮಾರುವವರ ಕಡೆಯ ಒಂದು ಹೆರಿಗೆನೋವನ್ನು ಪೂರ್ತಿ ಹೊರಬೇಕು. ಹಾಗಾಗಿ ಅಲ್ಲಿ ಮನೆಗಳು ಕೈಬದಲಾಗುವುದೇ ಅಪರೂಪ. ಗಂಡಸರಂತೂ ಬಾಡಿಗೆ ಮನೆಯೇ ಸುಖ ಎನ್ನುತ್ತಿದ್ದರು. ನಾನಿದ್ದ ಕೋಣೆಗೆ, ಎರಡು ಹೊತ್ತಿನ ಊಟವೂ ಸೇರಿ, ಮನೆಯ ಯಜಮಾನಿ ಬೂನಾ ಮುದುಕಿಯ ಮಂಡಿನೋವನ್ನು ನನ್ನ ರಜೆಯ ದಿನಗಳಲ್ಲಿ ಹೊರುವುದು ಎಂದು ಮಾತಾಗಿತ್ತು.

ಕೊಟ್ಟು ತೆಗೆದುಕೊಳ್ಳುವುದು ಸುಲಭ. ಅಂಗೈಗೆ ಅಂಗೈ ಇಟ್ಟು ಕೊಡುವವರು "ಇದು ನನ್ನದು" ಅನ್ನಬೇಕು, ತೆಗೆದುಕೊಳ್ಳುವವರು "ಸದ್ಯಕ್ಕೆ ನನ್ನದು" ಅನ್ನಬೇಕು. ಹಿಂದಿರುಗಿಸುವಾಗ ಹೊತ್ತವರು "ಇದು ನಿನ್ನದು" ಎಂದರೆ ಅದರ ಯಜಮಾನರು "ಹೌದು, ನನ್ನದು" ಅನ್ನಬೇಕು. ಆ ಮಾತು ಬಾಯಿಂದ ಬರದೆ ನೋವು ಕದಲುವುದಿಲ್ಲ. ಇನ್ನೊಂದು ಸಂಗತಿ: ಹೋಗುವುದು ನೋವು, ಅದರ ಬೆನ್ನಿಗೆ ಬರುವ ಜೋಮು ಬಿಗಿತ ಮಾತ್ರ, ಕಾಯಿಲೆಯಲ್ಲ. ಹುಳುಕು ಹಲ್ಲು ಹಾಲಿನವನ ಬಾಯಲ್ಲೇ ಇರುತ್ತದೆ, ನೋಯುವುದು ನಮಗೆ. ಅವನು ಅದೇ ಹಲ್ಲಿನಲ್ಲಿ ಬೆಲ್ಲ ಕಡಿದರೆ ನಾವು ದವಡೆ ಹಿಡಿದುಕೊಂಡು ಕೂರಬೇಕು. ಅದಕ್ಕೇ ಅಲ್ಲಿಯವರು ತಮ್ಮ ನೋವನ್ನು ಕೊಟ್ಟ ದಿನ ಬಹಳ ಹುಷಾರಾಗಿ ಇರುತ್ತಿದ್ದರು. ಮೀನಿನವಳು ನನಗೆ ಸೊಂಟನೋವು ಕೊಟ್ಟ ಬೆಳಗ್ಗೆ ಬುಟ್ಟಿಯನ್ನು ತಾನೇ ಎತ್ತದೆ ಯಾರನ್ನಾದರೂ ಕರೆದು ಎತ್ತಿಸುತ್ತಿದ್ದಳು. ಮಾತಿನಲ್ಲಿ ಅವಳಷ್ಟು ಬಾಯಿಬಡುಕಿ ಬೇರೆ ಇಲ್ಲ, ಆದರೂ ಈ ವಿಷಯದಲ್ಲಿ ಅಷ್ಟು ನಯ.

ನಾನು ಚೆಲುವಮ್ಮ. ನಮ್ಮೂರಿನ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಆಯಾ. ಓದಿದ್ದು ಕಡಿಮೆ, ರೋಗಿಯ ತಲೆಯನ್ನು ಎರಡು ಕೈಯಲ್ಲಿ ಹಿಡಿದರೆ ಅವರು ಹೆದರಿದ್ದಾರೋ ಬರೀ ನಾಟಕವೋ ಅನ್ನುವುದು ತಿಳಿಯುತ್ತದೆ, ಅಷ್ಟೇ ನನ್ನ ವಿದ್ಯೆ. ನಮ್ಮ ಆಸ್ಪತ್ರೆಯಿಂದ ಆ ಊರಿಗೆ ಪೊರೆ ತೆಗೆಯುವ ಶಿಬಿರಕ್ಕೆಂದು ನಾಲ್ವರನ್ನು ಕಳಿಸಿದರು. ಇಬ್ಬರು ನರ್ಸುಗಳು ಈ ಕಥೆಗೆ ಬರುವುದಿಲ್ಲ. ಬರುವವರು ನಾನು ಮತ್ತು ತ್ರಿಯಂಬಕ ಡಾಕ್ಟರು. ಅವರ ಕೈ ಹೇಗಿತ್ತೆಂದರೆ, ಮುದುಕರ ಕಣ್ಣಿನಿಂದ ಪೊರೆ ತೆಗೆಯುವಾಗ ಹೂವಿನ ಮೇಲಿಂದ ಇರುವೆ ತೆಗೆದಷ್ಟು ಮೆತ್ತಗೆ. ಬೈದದ್ದಿಲ್ಲ, ಕೂಗಿದ್ದಿಲ್ಲ. ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ನನಗೂ ಪಾಲು ಇಡುತ್ತಿದ್ದರು. ಆದರೆ ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ಅವರ ಕತ್ತು ಕೆಟ್ಟುಹೋಗಿತ್ತು. ಕೆಲಸದ ನಡುವೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮಾತ್ರೆ ನುಂಗದ ದಿನವಿರಲಿಲ್ಲ.

ಹಳೆಯ ಉಪ್ಪಿನ ಗೋದಾಮನ್ನು ತೊಳೆದು, ಸುಣ್ಣ ಬಳಿದು, ಆಪರೇಷನ್ ಕೋಣೆ ಮಾಡಿಕೊಟ್ಟಿದ್ದರು. ಕರೆಂಟು ವಾರದಲ್ಲಿ ನಾಲ್ಕು ದಿನ ಇರುತ್ತಿತ್ತು, ಆದ್ದರಿಂದ ನಾಲ್ಕು ದಿನ ಕೆಲಸ, ಮೂರು ದಿನ ಬಿಡುವು. ಮೊದಮೊದಲು ಏಳು ದಿನವೂ ಬಿಡುವೇ ಆಯಿತು, ಏಕೆಂದರೆ ಒಬ್ಬರೂ ಬರಲಿಲ್ಲ. ಊರಿನಲ್ಲಿ ಪೊರೆ ಬಂದವರಿಗೆ ಬರವಿರಲಿಲ್ಲ. ಬಾಗಿಲ ತನಕ ಕೋಲೂರಿಕೊಂಡು ಬರುವರು, ಒಳಗೆ ಮೂಗು ಚಾಚಿ ಸ್ಪಿರಿಟಿನ ವಾಸನೆ ನೋಡುವರು, ಹೊರಟುಹೋಗುವರು. ಬೂನಾ ಮುದುಕಿಗೇ ಎರಡೂ ಕಣ್ಣು ಹಾಲುಗಟ್ಟಿದ್ದವು. ಅವಳನ್ನೇ ಕೇಳಿದೆ.

"ನೀವ್ಯಾಕೆ ಬರಲ್ಲ ಅಜ್ಜಿ?"

"ಬಿಟ್ಟಿ ಅಂತಲ್ಲ?"

"ಹೂಂ, ಏನೂ ಕೊಡಬೇಕಾಗಿಲ್ಲ."

"ಅದಕ್ಕೇ. ಕಣ್ಣು ಕೊಟ್ಟು ಏನೂ ಬೇಡ ಅನ್ನೋನು ನಾಳೆ ಏನು ಕೇಳ್ತಾನೋ ಯಾರಿಗೆ ಗೊತ್ತು. ಒಂದು ನೋವೂ ಇಲ್ಲದ ಮನುಷ್ಯ ನನ್ನ ಕಣ್ಣಿಗೆ ಸೂಜಿ ಹಾಕೋದು ಬೇಡಮ್ಮ."

"ನೋವಿಲ್ಲದೆ ಏನು. ಕತ್ತು ಹಿಡ್ಕೊಂಡು ದಿನಾ ಒದ್ದಾಡ್ತಾರೆ."

ಮುದುಕಿ ನನ್ನ ದನಿ ಬಂದ ಕಡೆಗೆ ತಿರುಗಿ ಕೂತಳು. "ಮತ್ತೆ ಅದನ್ನ ಕೊಡೋಕೆ ನಿಮ್ಮ ಡಾಕ್ಟರಿಗೆ ಏನು ದಾಡಿ?"

ಡಾಕ್ಟರಿಗೆ ಹೇಳಿದಾಗ ನಕ್ಕರು. ಆದರೆ ಮಾರನೆಯ ದಿನ ಹಗ್ಗ ಹೊಸೆಯುವವನೊಬ್ಬ ಬಂದು ಮಂಚ ಹತ್ತುವ ಮೊದಲು ಅಂಗೈ ಚಾಚಿ ನಿಂತುಬಿಟ್ಟ. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೇಳಿಕೊಟ್ಟಂತೆ ಅಂಗೈ ಇಟ್ಟು, ಮಕ್ಕಳ ಆಟಕ್ಕೆ ಸೇರಿದವರ ಹಾಗೆ, "ಇದು ನನ್ನದು" ಎಂದರು. ಅವನು "ಸದ್ಯಕ್ಕೆ ನನ್ನದು" ಎಂದ. ಎಂದವನೇ ಭುಜ ಕುಗ್ಗಿಸಿಕೊಂಡು, "ಅಬ್ಬ, ಒಳ್ಳೇ ಜಾತಿ ನೋವು" ಎಂದು ಮಂಚ ಹತ್ತಿದ. ಡಾಕ್ಟರು ನಿಂತಲ್ಲೇ ನಿಧಾನವಾಗಿ ತಲೆ ಮೇಲೆತ್ತಿದರು. ಗೋದಾಮಿನ ಸೂರಿನಲ್ಲಿ ಜೇಡರ ಬಲೆಯಲ್ಲದೆ ಬೇರೇನಿರಲಿಲ್ಲ. ಅದನ್ನೇ ನೋಡುತ್ತ ನಿಂತರು.

"ಹಿಂಗೆ ಕತ್ತೆತ್ತಿ ಮೇಲೆ ನೋಡಿ ಎಷ್ಟು ವರ್ಷ ಆಯ್ತು ಗೊತ್ತಾ ಚೆಲುವಮ್ಮ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ನನಗೂ ಸಂತೋಷವಾಯಿತು. ಅವತ್ತು ಆದ ಸಂತೋಷ ಸುಳ್ಳಲ್ಲ.

ಅಲ್ಲಿಂದ ಜನ ಸಾಲುಗಟ್ಟಿದರು. ಒಂದು ಕಣ್ಣಿಗೆ ಡಾಕ್ಟರ ಕತ್ತುನೋವು ಒಂದು ಹಗಲು. ಯಾರು ಯಾವ ದಿನ ಅಂತ ಅವರವರೇ ಗೊತ್ತುಮಾಡಿಕೊಂಡರು. ಸೂರ್ಯ ಮುಳುಗುವ ಹೊತ್ತಿಗೆ ಹೊತ್ತವರು ಬರುತ್ತಿದ್ದರು, ಡಾಕ್ಟರು "ಹೌದು, ನನ್ನದು" ಎಂದು ತೆಗೆದುಕೊಂಡು ಮಾತ್ರೆ ನುಂಗಿ ಮಲಗುತ್ತಿದ್ದರು. ಆ ಊರಿನಲ್ಲಿ ಇದೊಂದು ಪದ್ಧತಿ. ಎಷ್ಟೇ ದಿನಕ್ಕೆ ಕೊಟ್ಟಿದ್ದರೂ ಸಂಜೆಗೊಮ್ಮೆ ಯಜಮಾನ ತನ್ನ ನೋವನ್ನು ಮುಟ್ಟಿ ನೋಡಬೇಕು, ಅದು ಬೆಳೆದಿದೆಯೋ ಇಳಿದಿದೆಯೋ ತಿಳಿಯಬೇಕು, ಆಮೇಲೆ ಬೇಕಾದರೆ ಮತ್ತೆ ಕೊಡಬಹುದು. ಗಂಡ ಹೆಂಡತಿಗೆ ಕೊಟ್ಟಿದ್ದರೂ ಹಾಗೇ, ಅತ್ತೆ ಸೊಸೆಗೆ ಕೊಟ್ಟಿದ್ದರೂ ಹಾಗೇ. ಸಂಜೆ ಆ ಊರಿನ ಬೀದಿಯಲ್ಲಿ ನಡೆದರೆ ಜಗಲಿ ಜಗಲಿಯಿಂದ "ನಿನ್ನದು", "ಹೌದು, ನನ್ನದು" ಎಂಬ ಗುಸುಗುಸು ಕೇಳಿಸುತ್ತಿತ್ತು.

ಬಿಡುವಿನ ದಿನಗಳಲ್ಲಿ ನಾನು ಬೂನಾಳ ಮಂಡಿನೋವು ಹೊತ್ತು ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಮೀನು ಸೋಸಿಕೊಡುತ್ತಿದ್ದೆ. ಮುದುಕಿ ಕೋಲನ್ನು ಮೂಲೆಗೆ ಎಸೆದು, ಕಣ್ಣು ಕಾಣದಿದ್ದರೂ ಗೋಡೆ ಸವರಿಕೊಂಡು, ಇಡೀ ಬೀದಿಯ ಮನೆಗಳಿಗೆ ಹೋಗಿ ಜಗಳವಾಡಿಕೊಂಡು ಬರುತ್ತಿದ್ದಳು. "ರಜೆ ಬಂದ್ರೆ ನೀನು ಮುದುಕಿ, ನಾನು ಹುಡುಗಿ" ಎಂದು ನನ್ನನ್ನು ರೇಗಿಸುತ್ತಿದ್ದಳು. ಅವಳ ಮಗಳು ಓರೆನಾ ನನ್ನ ಪಕ್ಕದಲ್ಲಿ ಕೂತು ಬಲೆಗೆ ಗಂಟು ಹಾಕುತ್ತಿದ್ದಳು. ಹಗ್ಗದಂಥ ತೋಳಿನ, ಮಾತು ಕಡಿಮೆಯ ಹೆಂಗಸು. ಗಂಡ ಬಿಟ್ಟಿದ್ದಾನೋ ಅವಳೇ ಬಿಟ್ಟಿದ್ದಾಳೋ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ವರ್ಷಕ್ಕೊಮ್ಮೆ ಗಾಳಿ ತಿರುಗಿದಾಗ ಅಲ್ಲಿಂದ ಹೆಂಗಸರ ದೊಡ್ಡ ದೋಣಿಯೊಂದು ಕಡಲೊಳಗಿನ ದೂರದ ದಿಬ್ಬಗಳಿಗೆ ಮೀನಿಗೆ ಹೊರಡುತ್ತದೆ. ಅದರಲ್ಲಿ ಹುಟ್ಟು ಹಾಕುವ ಜಾಗಗಳು ಎಣಿಸಿಟ್ಟಷ್ಟೇ. ಒಬ್ಬಳು ಸಾಯಬೇಕು ಇಲ್ಲವೇ ಕೈಲಾಗದೆ ಇಳಿಯಬೇಕು, ಆಗ ಇನ್ನೊಬ್ಬಳಿಗೆ ಜಾಗ. ಹೊರಡುವ ದಿನ ತನ್ನ ಜಾಗದಲ್ಲಿ ಕೂತು ಹುಟ್ಟು ಎತ್ತಲಾಗದವಳು ಜೀವಮಾನಕ್ಕೆ ಇಳಿದಂತೆ. ಓರೆನಾ ಕಾದು ಕಾದು ಹಿಂದಿನ ವರ್ಷವಷ್ಟೇ ಆ ಜಾಗಕ್ಕೆ ಹತ್ತಿದ್ದಳು. ಆ ಮನೆಯಲ್ಲಿ ಅನ್ನ ಬೇಯುತ್ತಿದ್ದುದೂ ಅದರಿಂದಲೇ, ಅವಳು ತಲೆ ಎತ್ತಿ ನಡೆಯುತ್ತಿದ್ದುದೂ ಅದರಿಂದಲೇ.

ಡಾಕ್ಟರ ಬಿಡುವಿನ ದಿನಗಳು ಬೇರೆಯಾಗಿದ್ದವು. ಮೊದಲು ಸಮುದ್ರದ ದಂಡೆಯಲ್ಲಿ ನಡೆದರು. ಆಮೇಲೆ ಈಜಿದರು. ಆಮೇಲೆ ಊರಿನ ಪಡ್ಡೆ ಹುಡುಗರ ಜೊತೆ ಬಂಡೆಯ ಮೇಲಿಂದ ತಲೆಕೆಳಗಾಗಿ ಧುಮುಕುವುದು ಕಲಿತರು. ಐವತ್ತು ದಾಟಿದ ಮನುಷ್ಯ. ಮದುವೆಮನೆಯೊಂದರಲ್ಲಿ ತಲೆಯ ಮೇಲೆ ನೀರಿನ ಮಡಕೆ ಇಟ್ಟುಕೊಂಡು ಕುಣಿದದ್ದನ್ನು ನೋಡಿ ಊರೇ ಚಪ್ಪಾಳೆ ತಟ್ಟಿತು. ನೋವು ಕೊಟ್ಟ ದಿನ ಹುಷಾರಾಗಿರಬೇಕು ಎನ್ನುವುದನ್ನು ನಾನೊಮ್ಮೆ ನೆನಪಿಸಿದೆ. "ಇಷ್ಟು ವರ್ಷ ಹುಷಾರಾಗೇ ಇದ್ದೆನಲ್ಲ ಚೆಲುವಮ್ಮ" ಎಂದರು.

ದಿನಕ್ಕೊಬ್ಬರು ಬದಲಾಗುವುದು ಅವರಿಗೆ ಬೇಸರ ತಂದಿತು. ಕೆಲವರು ಸಂಜೆ ಬೇಗ ಬರುವರು, ಈಜು ಮುಗಿದಿರುವುದಿಲ್ಲ. ಒಬ್ಬರೇ ಇದ್ದರೆ ವಾಸಿ ಅಂದುಕೊಂಡರು. ಬೂನಾಳ ಕಣ್ಣು ನೋಡಲು ನಮ್ಮ ಮನೆಗೆ ಬಂದ ದಿನ ಓರೆನಾಳಿಗೆ, "ನಿಮ್ಮ ತಾಯಿ ಕಣ್ಣು ಕಷ್ಟದ್ದು, ಎರಡೂ ಮಾಡಬೇಕು. ನಾವು ಹೊರಡೋ ತನಕ ನೀನು ಹೊತ್ತರೆ ಮಾಡ್ತೀನಿ" ಎಂದರು. ಅಲ್ಲಿಯ ಭಾಷೆ ನಮ್ಮಲ್ಲಿ ನನಗೇ ಚೆನ್ನಾಗಿ ಬರುತ್ತಿದ್ದುದರಿಂದ ನಾನೇ ಅದನ್ನು ಅವಳ ಭಾಷೆಗೆ ತಿರುಗಿಸಿ ಹೇಳಬೇಕಾಯಿತು. ಮುದುಕಿಯ ಕಣ್ಣು ಎಲ್ಲರ ಕಣ್ಣಿನಂಥದೇ ಎಂದು ನನಗೆ ಗೊತ್ತಿತ್ತು. ಅಂಥ ಪೊರೆಯನ್ನು ಅವರು ಹಾಡು ಗುನುಗುತ್ತ ತೆಗೆಯುತ್ತಿದ್ದರು. ಅವರು ಹೋದ ಮೇಲೆ ಓರೆನಾಳಿಗೆ ಹೇಳಿದೆ.

"ಬೇರೆಯವರು ಕಣ್ಣಿಗೊಂದು ದಿನ ಹೊರ್ತಾರೆ. ನೀನ್ಯಾಕೆ ಅಷ್ಟು ದಿನ? ಕಷ್ಟದ್ದೂ ಅಲ್ಲ, ಏನೂ ಅಲ್ಲ."

"ಅವರ ಕೈ, ಅವರ ಬೆಲೆ. ಗಾಳಿ ತಿರುಗೋ ಮೊದಲೇ ನೀವು ಹೋಗ್ತೀರಲ್ಲ ಅಕ್ಕ. ಅಲ್ಲೀವರೆಗೆ ನನಗೂ ಬಲೆ ಹೆಣೆಯೋದು ಬಿಟ್ಟು ಏನು ಕೆಲಸ?"

"ಮಾತು ತಪ್ಪಿದ್ರೆ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ತನ್ನ ನೋವನ್ನ ಯಾರು ಬಿಟ್ಟುಹೋಗ್ತಾರೆ?" ಎಂದಳು.

ಬೂನಾಳಿಗೆ ಕಣ್ಣು ಬಂದವು. ಪಟ್ಟಿ ಬಿಚ್ಚಿದಾಗ ಮೊದಲು ನನ್ನ ಮುಖ ನೋಡಿ, "ನೀನು ಇಷ್ಟು ಕಪ್ಪಾ?" ಎಂದಳು, ಆಮೇಲೆ ಮಗಳನ್ನು ಕರೆದು ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತ ಕೂತಳು. ಡಾಕ್ಟರು ಒಂದಷ್ಟು ದಿನ ಸಂಜೆ ಬಂದು ನೋವು ಮುಟ್ಟಿ ನೋಡಿ ಹೋದರು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಆಮೇಲೆ ಬರಲೇ ಇಲ್ಲ. ಸಂಜೆಯಾದರೆ ಓರೆನಾ ಬಾಗಿಲಲ್ಲಿ ಕಾಯುವಳು, ಅಕ್ಕಪಕ್ಕದ ಜಗಲಿಗಳಲ್ಲಿ ಗುಸುಗುಸು ಮುಗಿದು ದೀಪ ಹತ್ತುವುದು, ಅವಳು ಒಳಗೆ ಬರುವಳು. ಮೊದಲು ಬಲೆಗೆ ಬಗ್ಗುವುದು ಬಿಟ್ಟಳು. ಆಮೇಲೆ ಕರೆದರೆ ತಲೆ ಮಾತ್ರ ತಿರುಗಿಸದೆ ಇಡೀ ಮೈ ತಿರುಗಿಸತೊಡಗಿದಳು. ಬಲಗೈಯ ಬೆರಳುಗಳು ಜೋಮು ಹಿಡಿಯುತ್ತವೆ ಎಂದಳು. ಡಾಕ್ಟರು ನೋವಿಲ್ಲದೆ ಬಗ್ಗಿ ಕೆಲಸ ಮಾಡುತ್ತಿದ್ದರು, ಎಂದಿಗಿಂತ ಹೆಚ್ಚು ಕಣ್ಣು ತೆರೆಸುತ್ತಿದ್ದರು, ಬಂಡೆಯಿಂದ ಧುಮುಕುತ್ತಿದ್ದರು. ಅದೆಲ್ಲ ಇಲ್ಲಿ ಈ ಹೆಂಗಸಿನ ಕತ್ತಿಗೆ ಬಂದು ಬೀಳುತ್ತಿತ್ತು.

ನಾವು ಹೊರಡುವ ಹಿಂದಿನ ಮಧ್ಯಾಹ್ನ ಗೋದಾಮಿನಲ್ಲಿ ಸಾಮಾನು ಕಟ್ಟುತ್ತಿದ್ದಾಗ ನಾನೇ ಮಾತು ತೆಗೆದೆ. ಗಾಳಿ ಆಗಲೇ ತಿರುಗುವ ಸೂಚನೆ ಕೊಡುತ್ತಿತ್ತು. ಹೆಂಗಸರು ದೊಡ್ಡ ದೋಣಿಗೆ ಎಣ್ಣೆ ಹಚ್ಚಿ ಮುಗಿಸಿದ್ದರು.

"ಸಾರ್, ಸಂಜೆ ಮನೆ ಕಡೆ ಬಂದು ಓರೆನಾ ಹತ್ರ ನಿಮ್ಮದು ಈಸ್ಕೊಂಡುಬಿಡಿ."

ಅವರು ಲೆನ್ಸಿನ ಪೆಟ್ಟಿಗೆಗೆ ಹತ್ತಿ ತುಂಬುತ್ತ, "ನೋಡೋಣ" ಎಂದರು.

"ನೋಡೋದೇನು ಸಾರ್. ಅವಳು ದೋಣಿ ಹತ್ತಬೇಕು."

ಅವರು ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೂತರು. "ಚೆಲುವಮ್ಮ, ಅವಳು ತಿರುಗೋದನ್ನ ಮೊನ್ನೆ ಪೇಟೆಯಲ್ಲಿ ನೋಡಿದೆ. ಕೈ ಜೋಮು ಹಿಡಿತಿದೆ ಅಲ್ವಾ? ಅದು ಏನು ಅಂತ ನಂಗೆ ಗೊತ್ತು. ಅದು ನನಗೆ ವಾಪಸ್ ಬಂದ್ರೆ ನಾನು ಇನ್ನು ಕತ್ತರಿ ಹಿಡಿಯೋಕಾಗಲ್ಲ."

"ನಿಮ್ಮದೇ ಅಲ್ವಾ ಸಾರ್ ಅದು."

"ನಂದೇ. ನಾನು ಇಲ್ಲ ಅಂದ್ನಾ? ಆದ್ರೆ ನೀವೇ ಲೆಕ್ಕ ಹಾಕಿ. ನಮ್ಮೂರಲ್ಲಿ ನನ್ನ ಕಾಯ್ತಾ ಕೂತಿರೋ ಕಣ್ಣುಗಳೆಷ್ಟು? ಒಬ್ಬಳು ಹುಟ್ಟು ಹಾಕೋದು, ಅಷ್ಟು ಜನ ನೋಡೋದು, ಯಾವುದು ದೊಡ್ಡದು?"

"ದೊಡ್ಡದು ಚಿಕ್ಕದು ನಂಗೊತ್ತಿಲ್ಲ ಸಾರ್. ದೊಡ್ಡದಾದ್ರೆ ಅವಳನ್ನೇ ಕೇಳಿ ಇಟ್ಕೊಳ್ಳಮ್ಮ ಅನ್ನಿ. ಕೇಳ್ದೆ ಹೋಗೋದಲ್ಲ."

ಅವರು ಎದ್ದು ಪೆಟ್ಟಿಗೆಗೆ ಹಗ್ಗ ಬಿಗಿದರು. ಕೊನೆಗೆ, "ನಾಳೆ ದಕ್ಕೆಗೆ ಬರೋಕೆ ಹೇಳಿ. ಅಲ್ಲೇ ತಗೋತೀನಿ" ಎಂದರು. ಮುಖದಲ್ಲಿ ನಾಚಿಕೆಯಿತ್ತು. ನಾಚಿಕೆಯಿದ್ದವರು ಮಾತು ಉಳಿಸಿಕೊಳ್ಳುತ್ತಾರೆ ಎಂದು ನಾನು ನಂಬಿದೆ.

ಆ ಊರಿನಿಂದ ಲಾಂಚು ಹೊರಡುವ ದಕ್ಕೆಯಲ್ಲಿ ಕೇಳುವವನು ಅಂತ ಒಬ್ಬನಿದ್ದಾನೆ. ಊರು ಬಿಡುವ ಪ್ರತಿಯೊಬ್ಬರನ್ನೂ ನಿಲ್ಲಿಸಿ, "ನಿಮ್ಮದೇನಾದರೂ ಇಲ್ಲಿ ಯಾರ ಹತ್ತಿರವಾದರೂ ಉಳಿದಿದೆಯೇ?" ಎಂದು ಕೇಳುವುದು ಅವನ ಕೆಲಸ. ಇಲ್ಲ ಎಂದರೆ ಹಗ್ಗ ಸರಿಸಿ ಬಿಡುತ್ತಾನೆ. ಉಳಿದಿದೆ ಎಂದರೆ ಹೋಗಿ ತೆಗೆದುಕೊಂಡು ಬರುವ ತನಕ ಲಾಂಚು ಕಾಯುತ್ತದೆ. ಅಷ್ಟೇ. ಅಂದು ಬೆಳಗ್ಗೆ ಓರೆನಾ ತಾಯಿಯ ಭುಜ ಹಿಡಿದುಕೊಂಡು ಆ ಹಗ್ಗದ ಪಕ್ಕದಲ್ಲೇ ನಿಂತಿದ್ದಳು. ಅಂಗೈಯನ್ನು ಆಗಲೇ ಚಾಚಿಕೊಂಡಿದ್ದಳು, ಸಾಲಿಗೆ ಬಂದವರ ಹಾಗೆ. ಡಾಕ್ಟರು ಊರಿನವರು ಹಾಕಿದ ಹಾರಗಳ ನಡುವೆ ಬಂದರು. ಅವಳ ಕಡೆ ನೋಡಲಿಲ್ಲ. ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು.

ಕೇಳುವವನು ಕೇಳಿದ.

"ಇಲ್ಲ" ಎಂದರು ಡಾಕ್ಟರು. ಅಷ್ಟು ಭಾಷೆ ಅವರು ಕಲಿತಿದ್ದರು.

ನಾನು ಮುಂದೆ ಬಂದೆ. "ಸುಳ್ಳು. ಅವರ ಕತ್ತುನೋವು ಇವಳ ಹತ್ರ ಇದೆ. ಇಡೀ ಊರಿಗೆ ಗೊತ್ತು."

ಕೇಳುವವನು ನನ್ನ ಕಡೆ ತಿರುಗಿ ಶಾಂತವಾಗಿ, "ನಾನು ಅವರನ್ನ ಕೇಳಿದೆ, ತಾಯಿ. ನಿಮ್ಮನ್ನ ಕೇಳಲಿಲ್ಲ" ಎಂದ.

"ಅವಳ ಕತ್ತು ನೋಡಿ. ಅವಳನ್ನೇ ಕೇಳಿ."

"ಅವಳಿಗೆ ನೋವಿದೆ ಅಂತ ಅವಳು ಹೇಳಿದರೆ ಒಪ್ಪುತ್ತೇನೆ. ಅದು ಅವರದ್ದು ಅಂತ ಅವರೇ ಹೇಳಬೇಕು. ಒಬ್ಬರ ನೋವಿನ ವಿಷಯ ಇನ್ನೊಬ್ಬರು ಹೇಳಿದ್ದನ್ನ ನಾವು ಕೇಳೋದಿಲ್ಲ. ಹಾಗೆ ಕೇಳೋಕೆ ಶುರುಮಾಡಿದರೆ ನಾಳೆ ನಿಮಗೆ ಹೊಟ್ಟೆನೋವು ಇಲ್ಲ ಅಂತ ನಾನು ಹೇಳಬಹುದು."

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಅವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಆ ಊರಿನಲ್ಲಿ ಯಾರೂ ಯಾರಿಗೂ "ನಿನಗೇನೂ ಆಗಿಲ್ಲ, ಏಳು" ಎಂದದ್ದನ್ನು ನಾನು ಕೇಳಿರಲಿಲ್ಲ. ನೋವಿದೆ ಎಂದವರನ್ನು ನಂಬುವುದು ಅವರಿಗೆ ಉಸಿರಾಡಿದಷ್ಟು ಸಹಜ. ಆ ಒಳ್ಳೆಯತನಕ್ಕೆ ಇನ್ನೊಂದು ಮಗ್ಗುಲಿದೆ ಎನ್ನುವುದು ಹೊರಗಿನವನೊಬ್ಬ ಬರುವ ತನಕ ಅವರಿಗೆ ತಿಳಿದಿರಲಿಲ್ಲ. ಹಗ್ಗ ಸರಿಯಿತು. ಡಾಕ್ಟರು ಲಾಂಚು ಹತ್ತಿದರು. ಓರೆನಾ ಅಂಗೈ ಚಾಚಿಕೊಂಡೇ ಇದ್ದಳು. "ಮರೆತಿರಬೇಕು ಅಕ್ಕ" ಎಂದಳು. "ಕೂಗಿ ನೋಡು."

ನಾನು ಕೂಗಿದೆ. ಅವರು ಲಾಂಚಿನ ಆಚೆ ಬದಿಗೆ ಹೋಗಿ ನಿಂತರು. ಕೂತಿದ್ದರೆ ಕಾಣುತ್ತಿರಲಿಲ್ಲ, ನೆಟ್ಟಗೆ ನಿಂತಿದ್ದರು, ಕತ್ತು ನಿಗುರಿಸಿಕೊಂಡು.

ಬೂನಾ ಮುದುಕಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಹೊಸ ಕಣ್ಣು ಬೇರೆ ಬಂದಿತ್ತಲ್ಲ. ಮಗಳ ಚಾಚಿದ ಅಂಗೈ ಮೇಲೆ ತನ್ನ ಅಂಗೈ ಇಟ್ಟಳು. "ಕೊಡು. ನನ್ನ ಕಣ್ಣಿನ ಬೆಲೆ ಅದು. ನೀನು ಹೋಗಿ ದೋಣಿ ಹತ್ತು."

"ಬಿಡಮ್ಮ. ನಿನ್ನ ಮೈಗೆ ಇದು ತಡೆಯಲ್ಲ."

"ತಡೆಯದಿದ್ರೆ ಸಾಯ್ತೀನಿ. ನಿನ್ನ ಜಾಗ ಹೋಗಬಾರದು."

"ಬೇಡ ಅಂದೆ."

"ಕೊಡೇ ಮುಂಡೇದೆ, ಗಾಳಿ ತಿರುಗ್ತಿದೆ, ಎಲ್ಲರೂ ನೋಡ್ತಿದಾರೆ" ಎಂದು ಮುದುಕಿ ಅಳುತ್ತ ಮಗಳ ಮಣಿಕಟ್ಟು ಬಿಗಿಯಾಗಿ ಹಿಡಿದಳು. ಹೊತ್ತ ನೋವನ್ನು ಇನ್ನೊಬ್ಬರಿಗೆ ದಾಟಿಸುವುದು ಅಲ್ಲಿ ಮನೆಯವರ ನಡುವೆ ಮಾತ್ರ ನಡೆಯುತ್ತದೆ. ನಾನು ಆ ಮನೆಯಲ್ಲಿ ಉಂಡು ಮಲಗಿದವಳು. ಮುದುಕಿಯ ಮಂಡಿಯೂ ನನಗೆ ಗೊತ್ತು, ಅವಳ ಮೈಯಲ್ಲಿ ಉಳಿದಿರುವ ಶಕ್ತಿಯೂ ಗೊತ್ತು. ನಾನು ದೊಡ್ಡ ಮನಸ್ಸಿನವಳೆಂದು ಹೇಳಿಕೊಳ್ಳುವುದಿಲ್ಲ. ನನ್ನ ಲೆಕ್ಕ ಬೇರೆ ಇತ್ತು. ಓರೆನಾ ಈ ಮನುಷ್ಯನ ಮುಖವನ್ನು ಇನ್ನು ನೋಡುವುದಿಲ್ಲ. ನಾನು ದಿನಾ ನೋಡುತ್ತೇನೆ. ಬೆಳಗಾದರೆ ಅವರ ಪಕ್ಕದಲ್ಲೇ ನಿಲ್ಲುತ್ತೇನೆ. ಒಂದು ದಿನವಲ್ಲ ಒಂದು ದಿನ ಅವರ ಬಾಯಿಂದ ಎರಡು ಮಾತು ಹೊರಡಿಸುವುದು ನನಗೆ ಆಗದ ಕೆಲಸವಲ್ಲ ಅಂದುಕೊಂಡೆ. ಮುದುಕಿಯ ಕೈ ಬಿಡಿಸಿ ನನ್ನ ಅಂಗೈ ಇಟ್ಟೆ.

"ನನಗೆ ಕೊಡು. ಅವರ ಮನೆ ನಮ್ಮ ಆಸ್ಪತ್ರೆ ಹಿಂದಿನ ಬೀದಿ. ನಾನು ತಲುಪಿಸ್ತೀನಿ."

ಓರೆನಾ ನನ್ನ ಮುಖವನ್ನು ಇಡೀ ಮೈ ತಿರುಗಿಸಿ ನೋಡಿದಳು. "ಖಂಡಿತ ತಗೋತಾರಾ?"

"ತಗೋತಾರೆ."

ಅವಳು ಹೇಳಿದಳು, ನಾನು ಹೇಳಿದೆ. ನೋವು ಬಂದದ್ದು ಹೇಗೆಂದು ಬರೆಯಲು ನನಗೆ ಬರುವುದಿಲ್ಲ. ಕತ್ತಿನಲ್ಲಿ ಯಾರೋ ಬೀಗ ಹಾಕಿ ಕೀಲಿಕೈಯನ್ನು ಅದರಲ್ಲೇ ತಿರುವುತ್ತ ಇದ್ದ ಹಾಗೆ. ಓರೆನಾ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ತಾಯಿಯ ತಲೆಯ ಮೇಲಿಂದ ದೊಡ್ಡ ದೋಣಿಯನ್ನು ನೋಡಿದಳು. ಕೇಳುವವನು ನನ್ನನ್ನೂ ಕೇಳಿದ. ನನ್ನದೇನೂ ಉಳಿದಿಲ್ಲ ಎಂದೆ. ಬೇರೆಯವರದನ್ನು ಹೊತ್ತುಕೊಂಡು ಹೋಗುತ್ತಿದ್ದೀಯಾ ಎಂಬ ಪ್ರಶ್ನೆ ಅವನಲ್ಲಿ ಇರಲಿಲ್ಲ.

ಲಾಂಚಿನಲ್ಲಿ ಡಾಕ್ಟರ ಮುಂದೆ ಅಂಗೈ ಚಾಚಿದೆ. "ಸಾರ್, ಇದು ನಿಮ್ಮದು" ಎಂದೆ. ಅವರು ನಾನು ನಿಂತ ರೀತಿ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. "ಯಾಕೆ ಇಂಥ ಕೆಲಸ ಮಾಡಿದ್ರಿ ಚೆಲುವಮ್ಮ" ಎಂದು ನಿಜವಾಗಿಯೂ ಮರುಗಿದರು. ಬ್ಯಾಗು ತೆಗೆದು ಮಾತ್ರೆ ಕೊಟ್ಟರು, ನೀರು ತರಿಸಿಕೊಟ್ಟರು, ತಮ್ಮ ಕೋಟು ಸುತ್ತಿ ತಲೆದಿಂಬು ಮಾಡಿಕೊಟ್ಟರು. ಅಂಗೈ ಮಾತ್ರ ಮುಟ್ಟಲಿಲ್ಲ.

ಊರಿಗೆ ಬಂದ ಮೇಲೂ ಕೇಳಿದೆ. ಬೆಳಗ್ಗೆ ಅವರು ಕೈ ತೊಳೆದುಕೊಳ್ಳುವಾಗ ಕೇಳಿದೆ. ಹಬ್ಬದ ದಿನ ಅವರ ಮನೆಗೆ ಹೋಗಿ ಅವರ ಹೆಂಡತಿಯ ಮುಂದೆ ಕೇಳಿದೆ. ಆ ತಾಯಿ ನಾನು ಸಾಲ ಕೇಳಲು ಬಂದಿದ್ದೇನೆ ಅಂದುಕೊಂಡು ಒಳಗೆ ಹೋದರು. "ಈ ವಯಸ್ಸಿಗೆ ಎಲ್ಲರಿಗೂ ಬರುತ್ತೆ ಚೆಲುವಮ್ಮ, ಕತ್ತಿಗೆ ಪಟ್ಟಿ ಹಾಕ್ಕೊಳ್ಳಿ" ಎಂದು ಚೀಟಿ ಬರೆದುಕೊಟ್ಟರು ಡಾಕ್ಟರು. ಆಸ್ಪತ್ರೆಯಲ್ಲಿ ಇನ್ನಾರಿಗೂ ಹೇಳುವಂತಿರಲಿಲ್ಲ. ನಮ್ಮ ಕಡೆ ನನ್ನ ನೋವು ನನ್ನದೇ ಎಂದರೂ ನಂಬುವವರು ಕಡಿಮೆ, ಇನ್ನು ಇದು ಅವರದು ಎಂದರೆ ನಂಬುವವರಾರು? ರೋಗಿಗಳ ತಲೆ ಹಿಡಿಯುವಾಗ ನನ್ನ ಬೆರಳು ಜೋಮು ಹಿಡಿದು ಒಮ್ಮೆ ಜಾರಿತು. ಅಂದಿನಿಂದ ನನ್ನನ್ನು ಹೊರಗಿನ ಬೆಂಚುಗಳನ್ನು ಒರೆಸುವ ಕೆಲಸಕ್ಕೆ ಹಾಕಿದರು. ಹಾಕಿಸಿದವರು ಡಾಕ್ಟರೇ, ನನ್ನ ಒಳ್ಳೆಯದಕ್ಕೆ ಎಂದು ಹೇಳಿದರು. ನಾನು ಕಣ್ಣೆದುರು ಇಲ್ಲದಿದ್ದರೆ ಅವರಿಗೂ ಸುಲಭ. ಈಗ ಅವರ ಕೆಲಸ ಎಷ್ಟು ಹೊತ್ತು ನಡೆಯಿತು ಎಂದು ನನಗೆ ಗಡಿಯಾರ ನೋಡದೆ ತಿಳಿಯುತ್ತದೆ. ಸಾಯಂಕಾಲ ಅವರು ಕ್ಲಬ್ಬಿನಲ್ಲಿ ಶಟಲ್ ಆಡಿದ ದಿನವೂ ತಿಳಿಯುತ್ತದೆ.

ಮರುವರ್ಷ ಬೇರೆ ಡಾಕ್ಟರ ಜೊತೆ ಇನ್ನೊಂದು ತಂಡ ಅಲ್ಲಿಗೆ ಹೋಯಿತು. ಹೋಗಿ ಬಂದ ನರ್ಸು ಬೆಂಚಿನ ಹತ್ತಿರ ಬಂದು ಕೂತು ಸುದ್ದಿ ಹೇಳಿದಳು. ಓರೆನಾ ದೋಣಿ ಹತ್ತಿ ಹೋಗಿ ಬಂದಿದ್ದಾಳೆ, ಚೆನ್ನಾಗಿದ್ದಾಳೆ. ಮುದುಕಿ ಊರಿನವರ ಬಟ್ಟೆಯ ಬಣ್ಣಕ್ಕೆಲ್ಲ ಹೆಸರಿಟ್ಟು ಅಣಕಿಸುತ್ತಿರುತ್ತಾಳೆ. "ನಿಮ್ಮನ್ನೊಂದು ಮಾತು ಕೇಳು ಅಂದ್ರು ಇಬ್ಬರೂ. ನಂಗೇನೂ ಅರ್ಥ ಆಗಲಿಲ್ಲ. ಅವರು ತಗೊಂಡ್ರಾ ಅಂತ ಕೇಳು ಅಂದ್ರು."

"ನೀವು ಮತ್ತೆ ಹೋಗ್ತೀರಾ?"

"ಮುಂದಿನ ತಿಂಗಳು."

"ತಗೊಂಡ್ರು ಅಂತ ಹೇಳಿ. ಬಂದ ದಿನವೇ ತಗೊಂಡ್ರು ಅಂತ ಹೇಳಿ."

ಓರೆನಾ, ಮುದುಕಿ ಇಬ್ಬರೂ ಅದನ್ನು ನಂಬುತ್ತಾರೆ. ನನ್ನ ನೋವಿನ ವಿಷಯ ನಾನೇ ಹೇಳಿದ ಮೇಲೆ ಅವರು ಬೇರೆ ಕೇಳುವವರಲ್ಲ.

ಆದದ್ದು ಇಷ್ಟು. ಬೂನಾಳಿಗೆ ಎರಡು ಕಣ್ಣು ಬಂದವು. ಓರೆನಾಳಿಗೆ ಅವಳ ಜಾಗ ಉಳಿಯಿತು. ತ್ರಿಯಂಬಕ ಡಾಕ್ಟರಿಂದ ಈಗಲೂ ದಿನಾ ಜನ ಕಣ್ಣು ಪಡೆದು ಮನೆಗೆ ಹೋಗುತ್ತಿದ್ದಾರೆ, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ನನಗೆ ಬಲಕ್ಕೆ ತಿರುಗಿ ನೋಡುವುದು ಹೋಯಿತು, ಆಪರೇಷನ್ ಕೋಣೆ ಹೋಯಿತು. ಆ ಡಾಕ್ಟರು ಒಳ್ಳೆಯವರು ಎಂದು ಇಷ್ಟು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ, ಆ ಮಾತೂ ಹೋಯಿತು.